ನಾಲ್ಕು ರೆಕ್ಕೆ, ಮೂರು ಗಿಳಿ

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ಕೆಲವರಿಗೆ ಕಾಲು. ನನಗೆ ಕೈ. ಯಾವುದೇ ವಸ್ತು ನೆಟ್ಟಗೆ ಕೆಲಸ ಮಾಡುತ್ತಿದ್ದರೆ, ಅದನ್ನು ಇನ್ನಷ್ಟು ನೆಟ್ಟಗೆ ಮಾಡಬಹುದಲ್ಲ ಎಂದು ನನ್ನ ಬೆರಳುಗಳು ಚಡಪಡಿಸುತ್ತವೆ. ಮನೆಯ ರೇಡಿಯೋವನ್ನು ಹೀಗೇ ಒಮ್ಮೆ ಬಿಚ್ಚಿ ಜೋಡಿಸಿದೆ. ನಾಲ್ಕು ಸ್ಕ್ರೂ ಉಳಿದವು, ದನಿ ಉಳಿಯಲಿಲ್ಲ. "ಈ ಮನ್ಯಾಗ ನೀವು ಮುಟ್ಟದ ಬಿಟ್ಟದ್ದಷ್ಟ ನೆಟ್ಟಗ ಐತಿ ನೋಡ್ರಿ" ಎಂದಳು ಹೆಂಡತಿ. ಇಂಥ ಕೈಗಳನ್ನು ಹೊತ್ತುಕೊಂಡೇ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಯಲಬುರ್ಗಾದ ಹೈಸ್ಕೂಲೊಂದಕ್ಕೆ ವಿಜ್ಞಾನ ಮಾಸ್ತರನಾಗಿ ಬಂದದ್ದು.

ಅಲ್ಲಿ ಒಂಬತ್ತನೇ ತರಗತಿಯಲ್ಲಿ ಶರಣಮ್ಮ ಎಂಬ ಹುಡುಗಿಯಿದ್ದಳು. ಗಾಳಿಯ ಪಾಠ ಮಾಡುವಾಗ ನಾನು ಹುರುಪಿನಲ್ಲಿ "ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಹೇಳಿದೆ. ಅವಳು ಎದ್ದು ನಿಂತು, "ಬರದಿದ್ರ ಏನ್ ಮಾಡೂದ್ರಿ ಸರ್? ಈ ಸಲ ನಾವು ಮೂರು ದಿನ ಕಣದಾಗ ಗಾಳಿ ಕಾಯ್ಕೋತ ಕುಂತಿದ್ವಿ" ಅಂದಳು. ಮುಂದಿನ ಪುಟ ತೆಗೆಯಿರಿ ಎಂದೆ. ಉತ್ತರವನ್ನು ಅವಳೇ ಮಾಡಿಕೊಂಡು ಬಂದಳು. ಹಿಡಿಕೆ ತಿರುವಿದರೆ ನಾಲ್ಕು ತಗಡಿನ ರೆಕ್ಕೆ ಗರಗರ ತಿರುಗಿ, ಮೇಲಿಂದ ಸುರಿದ ಜೋಳದೊಳಗಿನ ಹೊಟ್ಟನ್ನು ಆಚೆ ಹಾರಿಸುವ ಪುಟ್ಟ ಯಂತ್ರ. ಅದು ರಾಯಚೂರಿನ ವಿಜ್ಞಾನ ಸ್ಪರ್ಧೆಯಲ್ಲಿ ಗೆದ್ದಿತು, ಬೆಂಗಳೂರಿನಲ್ಲಿ ಗೆದ್ದಿತು, ದಿಲ್ಲಿಯ ರಾಷ್ಟ್ರಮಟ್ಟದ ಸ್ಪರ್ಧೆಗೆ ಕರೆ ಬಂತು. ನಮ್ಮ ಸಾಲಿಯಿಂದ ಅಲ್ಲಿಯವರೆಗೆ ಯಾರೂ ಕೊಪ್ಪಳದ ಸ್ಟೇಷನ್ನಿನಾಚೆ ಬಹುಮಾನಕ್ಕಾಗಿ ಹೋದವರಿರಲಿಲ್ಲ. ನನಗೆ ಊಟ ಸೇರದಂತಾಯಿತು.

ಬಸ್ಸಿನ ಓಡಾಟದಲ್ಲಿ ತಗಡಿನ ರೆಕ್ಕೆಗಳು ಸೊಟ್ಟಗಾಗಿದ್ದವು. ಹಗುರ ಕಟ್ಟಿಗೆಯವನ್ನು ಮಾಡಿಸೋಣವೆಂದು ನಾನೇ ಕಿನ್ನಾಳಕ್ಕೆ ಹೋಗಿ, ಗೊಂಬೆ ಮಾಡುವ ಹಿರಿಯರೊಬ್ಬರಿಗೆ ಅಳತೆ ಕೊಟ್ಟು ಬಂದೆ. ವಾರದ ಮೇಲೆ ಹೋದರೆ ನಾಲ್ಕೂ ರೆಕ್ಕೆ ಅಳತೆಗೆ ಸರಿಯಾಗಿದ್ದವು. ಆದರೆ ಒಂದೊಂದರ ಮೇಲೂ ದಪ್ಪ ಬಣ್ಣದ ಹಸಿರು ಗಿಳಿ ಕುಳಿತಿತ್ತು. "ಇದೇನ್ರಿ ಅಜ್ಜಾರ, ಇದು ವಿಜ್ಞಾನದ್ದು" ಎಂದೆ. "ಇರ್ಲಿ ಬಿಡ್ರಿ ಮಾಸ್ತರ. ಬಣ್ಣ ಇಲ್ಲದ ಕಟ್ಟಿಗಿ ನಮ್ಮ ಮನಿ ಹೊಸ್ತಿಲಾ ದಾಟಂಗಿಲ್ಲ" ಎಂದರು ಅವರು, ಶಾಂತವಾಗಿ.

ಶರಣಮ್ಮನಿಗೆ ಗಿಳಿಗಳು ಭಾಳ ಹಿಡಿಸಿದವು. ನನಗೆ ಮಾತ್ರ ದಿಲ್ಲಿಯ ಪರೀಕ್ಷಕರು ಇದನ್ನು ಆಟಿಕೆ ಅಂದುಕೊಂಡಾರು ಎಂಬ ಚಿಂತೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಸ್ಯಾಂಡ್ ಪೇಪರ್ ಹಿಡಿದು ಒಂದು ಗಿಳಿಯನ್ನು ಕೆರೆದು ತೆಗೆದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹುಡುಗಿ ಬಂದು, ಜೋಡಿಸಿ, ಹಿಡಿಕೆ ತಿರುವಿದಳು. ಯಂತ್ರ ಥರಥರ ನಡುಗುತ್ತ ಮೇಜಿನ ಮೇಲೆ ತಾನೇ ನಡೆಯತೊಡಗಿತು.

"ಯಾರ್ ಕೆರದಾರ‍್ರಿ ಸರ್?"

ಇಲಿ ಇರಬೇಕು ಎನ್ನಲು ಬಾಯಿ ತೆರೆದೆ. ಸ್ಯಾಂಡ್ ಪೇಪರ್ ಕೈಯಲ್ಲೇ ಇತ್ತು. ಅವಳು ಅತ್ತಿದ್ದರೂ ನನಗೆ ಹಗುರಾಗುತ್ತಿತ್ತು, ಅಳಲಿಲ್ಲ. ರೆಕ್ಕೆಗಳನ್ನು ಮೆಲ್ಲಗೆ ತಿರುಗಿಸಿ ಬಿಟ್ಟಳು. ಬೋಳು ರೆಕ್ಕೆ ಪ್ರತಿ ಸಲವೂ ಮೇಲೆ ಬಂದು ನಿಲ್ಲುತ್ತಿತ್ತು. "ಇದರ ತೂಕ ಕಡಿಮಿ ಆಗೇತ್ರಿ" ಎಂದು ಪ್ರಯೋಗಶಾಲೆಯ ಮೇಣದಬತ್ತಿ ಹಚ್ಚಿ, ಅದರ ಬೆನ್ನಿಗೆ ಒಂದೊಂದೇ ಹನಿ ಮೇಣ ಬಿಡುತ್ತ ಕುಳಿತಳು. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಹೊತ್ತಿಗೆ ಸಂಜೆಯಾಗಿತ್ತು. ಆ ಮೇಣ ದಿಲ್ಲಿ ಮುಟ್ಟುವ ತನಕ ಉಳಿದೀತೇ? ಮಗುವಿನ ಭಾಗ್ಯವನ್ನು ನಾನೇ ಕೆರೆದು ಹಾಕಿದೆನಲ್ಲ!

ಹುಡುಗಿಯ ಜೊತೆ ಹೆಣ್ಣುಮಕ್ಕಳೇ ಹೋಗಬೇಕೆಂದು ನಮ್ಮ ಹೊಲಿಗೆ ಟೀಚರು ಹೋದರು. ಉಳಿದವನು ನಾನು, ನನ್ನ ಕೈಗಳ ಜೊತೆ. ಆ ಎಂಟು ದಿನಗಳಲ್ಲಿ ಸಾಲಿಯ ಗಂಟೆಯ ಹಗ್ಗ ಬದಲಿಸಿದೆ, ನೆಟ್ಟಗಿದ್ದ ಬಾಗಿಲ ಚಿಲಕ ಬಿಚ್ಚಿದೆ, ದಿನಕ್ಕೆರಡು ಸಲ ಅಂಚೆ ಕಚೇರಿಗೆ ಹೋದೆ. "ಮಾಸ್ತರ, ತಾರು ಬಂದ್ರ ನಾವ ತಂದು ಕೊಡ್ತೀವಿ. ಆ ತಕ್ಕಡಿ ಮಾತ್ರ ಮುಟ್ಟಬ್ಯಾಡ್ರಿ" ಎಂದರು ಪೋಸ್ಟ್ ಮಾಸ್ತರರು. ಒಂಬತ್ತನೆಯ ದಿನ ತಾರು ಬಂತು: ಮೊದಲ ಬಹುಮಾನ. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಅಳು ಮುಗಿಯುವುದರೊಳಗೆ ಸನ್ಮಾನಕ್ಕೆ ಯಾವ ಕೋಟು ಎಂಬ ಯೋಚನೆಯೂ ಬಂದಿತ್ತು.

ಸನ್ಮಾನದ ದಿನ ಹೆಡ್ ಮಾಸ್ತರರು, "ನಿಮ್ಮ ವಿಜ್ಞಾನ ಗುರುಗಳು ಏನು ಸಹಾಯ ಮಾಡಿದ್ರು ಹೇಳವ್ವ" ಎಂದರು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಮೂರು ಗಿಳಿ ಅದಾವು, ನಾಲ್ಕನೇದೆಲ್ಲಿ ಅಂತ ದಿಲ್ಲ್ಯಾಗ ಕೇಳಿದ್ರಿ" ಎಂದಳು ಶರಣಮ್ಮ. "ನಮ್ಮ ಸರ್ ಕೆರದ್ರು, ಯಂತ್ರ ನಡುಗಾಕ ಹತ್ತಿತು, ಮೇಣ ಹಾಕಿ ತೂಕ ಸರಿ ಮಾಡಿದೆ ಅಂದೆ. ಅವರು ಮೇಣ ತೆಗಿಸಿ, ಮತ್ತ ಹಾಕಿಸಿ ನೋಡಿದ್ರು. ಇದನ್ನ ಯಾವ ಪುಸ್ತಕದಾಗೂ ಓದಿಲ್ಲಲ್ಲ, ಕೈಯಾರೆ ಕಂಡುಕೊಂಡೀಯಲ್ಲ ಅಂತ ಬಹುಮಾನ ಕೊಟ್ರು. ಸರ್ ಕೆಡಿಸದಿದ್ರ ನನಗ ತಿಳೀತಿದ್ದಿಲ್ರಿ." ಚಪ್ಪಾಳೆ ಜೋರಾಗಿಯೇ ಬಿತ್ತು. ಹೆಂಡತಿಯ ಚಪ್ಪಾಳೆ ಎಲ್ಲಕ್ಕಿಂತ ಕೊನೆಗೆ ನಿಂತಿತು.

ಮರುವರ್ಷ ಎಂಟನೇ ತರಗತಿಯ ಇಬ್ಬರು ಹುಡುಗಿಯರು ನೀರೆತ್ತುವ ಯಂತ್ರವೊಂದನ್ನು ಮಾಡಿ ನನ್ನ ಮೇಜಿನ ಮೇಲೆ ತಂದಿಟ್ಟರು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮತ್ತೇನು ಬೇಕೆಂದು ಕೇಳಿದೆ.

"ಒಂದೀಟು ಕೆಡಿಸಿ ಕೊಡ್ರಿ ಸರ್" ಅಂದರು, ಭಯಭಕ್ತಿಯಿಂದ.

ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕುಳಿತೆ. ಆ ಪಕ್ಕದ ಸ್ಕ್ರೂ ಒಂದು ಮಾತ್ರ, ನೋಡಿದರೆ, ಸ್ವಲ್ಪ ಸಡಿಲವಿದ್ದಂತೆ ಇತ್ತು.