ಮೇಸ್ತ್ರಿಯ ಮಂಡಿ, ಡಾಕ್ಟರ ಗಾರೆ ಕೆಲಸ

ಮೂಳೆ ಡಾಕ್ಟರಿಗೆ ಬುದ್ಧಿ ಹೇಳುವವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ಆದರೆ ತಾಳಗುಂದದ ಕಡೆಯ ಒಬ್ಬ ಗಾರೆ ಮೇಸ್ತ್ರಿಯಷ್ಟು ನನ್ನ ಮಾನ ಕಳೆದವರು ಬೇರೆ ಇಲ್ಲ.

ಕ್ಯಾನ್ಸರ್ ಅಲ್ಲ

ಮಂಡಿ ಊದಿಕೊಂಡು ಬಂದಿದ್ದ. ಎಕ್ಸ್‌ರೇ ತೆಗೆಸಿದೆ, ಒಂದು ಚೂರು ತೆಗೆದು ಪರೀಕ್ಷೆಗೂ ಕಳಿಸಿದೆ. ಜಯಂಟ್ ಸೆಲ್ ಟ್ಯೂಮರ್. ಮೂಳೆಯನ್ನು ಒಳಗಿನಿಂದಲೇ ತಿನ್ನುವ ಗಡ್ಡೆ.

"ಕ್ಯಾನ್ಸರ್ ಅಲ್ಲ. ಆದರೆ ತೆಗೆದರೂ ಮತ್ತೆ ಬರಬಹುದು" ಎಂದೆ.

ಜೊತೆಗೆ ಬಂದಿದ್ದ ಅವನ ಹೆಂಡತಿ ನಿಟ್ಟುಸಿರು ಬಿಟ್ಟಳು. "ಜೀವ ತೆಗ್ಯಲ್ಲ, ಕಳಿಸಿದ್ರೂ ವಾಪಸ್ ಬರ್ತತಿ. ಥೇಟ್ ಇವರ ಅಕ್ಕನೇ ಬಿಡ್ರಿ."

ಗ್ರಹಣ

ಗಡ್ಡೆ ಕೆರೆದು, ಆದ ಗುಳಿಗೆ ಮೂಳೆ ಸಿಮೆಂಟ್ ತುಂಬಿದೆ. ವರ್ಷ ತುಂಬುವುದರೊಳಗೆ ನೋವೆಂದು ಮತ್ತೆ ಬಂದ. ಹೊಸ ಎಕ್ಸ್‌ರೇಯಲ್ಲಿ ಸಿಮೆಂಟಿನ ಸುತ್ತ ಕಪ್ಪು ಅಂಚು. ಮೊದಲೇ ಇತ್ತೋ, ಈಗ ಬಂದಿದ್ದೋ? ಆಪರೇಷನ್ ಮುಗಿದಾಗ ತೆಗೆಸಿದ್ದ ಹಳೆಯ ಫಿಲ್ಮ್ ಕೇಳಿದೆ.

"ಗ್ರಹಣ ನೋಡಾಕೆ ಕತ್ತರಿಸಿ ಮನೆಯವರೆಲ್ಲಾ ಹಂಚಿಕೊಂಡ್ವಿ" ಎಂದ.

"ಮಂಡಿ ಇರೋ ತುಂಡಾದರೂ ಇದೆಯಾ?"

"ಅದು ಬೆಳ್ಳಗಿತ್ತು, ಬಿಸಿಲು ಕಣ್ಣಿಗೆ ಹೊಡೀತಿತ್ತು. ಅದೊಂದನ್ನೇ ಬಿಸಾಕಿದ್ವಿ. ಉಳಿದದ್ದೆಲ್ಲಾ ಜೋಪಾನ ಐತಿ."

ತಪ್ಪು ಯಾರದು

ಮತ್ತೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಗಡ್ಡೆ ಮರಳಿದ್ದು ಖಾತ್ರಿಯಾಯಿತು. ಇನ್ನೊಮ್ಮೆ ಕೆರೆಯುತ್ತೇನೆ, ಆಮೇಲೂ ಬಂದರೆ ಮಂಡಿಯನ್ನೇ ತೆಗೆದು ಲೋಹದ ಕೀಲು ಹಾಕಬೇಕು, ಗೋಡೆಗೆ ಕಟ್ಟುವ ಸಾರುವೆ ಹತ್ತುವುದನ್ನು ಮರೆತುಬಿಡಿ ಎಂದೆ. ಮಾತಿನ ಮಲ್ಲ ಮೆತ್ತಗಾದ. "ಕೆಳಗೆ ನಿಂತ್ಕಂಡು ಮೇಸ್ತ್ರಿ ಅನ್ನಿಸ್ಕಳಾಕೆ ಆಗಲ್ರೀ" ಎಂದ. ನನಗೂ ಸಂಕಟವಾಯಿತು.

ಆಮೇಲೆ ತಲೆ ಎತ್ತಿ ಕೇಳಿದ: "ಸಿಮೆಂಟಿಗೆ ಎಷ್ಟು ದಿನ ನೀರು ಹಾಕಿದ್ರಿ?"

"ಇದಕ್ಕೆ ನೀರು ಹಾಕಲ್ಲ. ಹತ್ತಿಪ್ಪತ್ತು ನಿಮಿಷಕ್ಕೇ ಗಟ್ಟಿಯಾಗುತ್ತೆ."

ಹೆಂಡತಿಯ ಕಡೆ ತಿರುಗಿದ. "ನಾ ಹೇಳ್ಲಿಲ್ವಾ, ಕಂಟ್ರಾಕ್ಟ್ ಕೆಲಸ!"

ಪರದೆಯ ಆಚೆ

ಎರಡನೇ ಆಪರೇಷನ್ನಿಗೆ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಪರದೆಯ ಆಚೆಯಿಂದಲೇ ಉಸ್ತುವಾರಿ. "ಹಳೇದೆಲ್ಲಾ ಕಿತ್ರಾ? ಗಟ್ಟಿ ಸಿಗೋ ತನಕ ಕೆರೀರಿ. ಮೂಲೆ ಬಿಡಬ್ಯಾಡ್ರಿ!"

ಕೆರೆದು ಮುಗಿಸಿಯಾಗಿತ್ತು. ಆದರೂ ನರ್ಸ್ ನಗುವುದನ್ನು ನೋಡಿ ಮಾನಕ್ಕಂಜಿ ಮೂಲೆಗೆ ಇನ್ನೊಮ್ಮೆ ಕೈ ಹಾಕಿದೆ. ಕಡಲೆಕಾಳಿನಷ್ಟು ಗಡ್ಡೆ ಅಲ್ಲೇ ಅಡಗಿತ್ತು. ಅದನ್ನೂ ಕೆರೆದು ತೆಗೆದೆ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಎದ್ದು ಬಂದು ನನ್ನ ಕೈಯಿಂದ ಕರಣೆ ಕಸಿದುಕೊಳ್ಳುತ್ತಿದ್ದ.

ಎರಡನೇ ಮಹಡಿ

ಎರಡು ವರ್ಷ ಕಳೆದವು. ಎಕ್ಸ್‌ರೇಯಲ್ಲಿ ಗಡ್ಡೆಯ ಸುಳಿವಿಲ್ಲ. "ಇನ್ನು ಕೆಲಸಕ್ಕೆ ಹೋಗಿ" ಎಂದು ನಾನೇ ಬೆನ್ನು ತಟ್ಟಿ ಕಳಿಸಿದೆ. ಮುಂದಿನ ವಾರ ಸೊರಬದಲ್ಲಿ ಕಾರಿನಿಂದ ತಲೆ ಎತ್ತಿ ನೋಡಿದರೆ, ಎರಡನೇ ಮಹಡಿಯ ಸಾರುವೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಗಾರೆ ಬಳಿಯುತ್ತಿದ್ದಾನೆ!

"ಇಳೀರಿ ಮೇಸ್ತ್ರಿ! ಮಂಡಿ ಮುರಿದೀತು!" ಎಂದು ಬೀದಿಯಲ್ಲೇ ಕಿರುಚಿದೆ.

ಕೆಲಸದವರೆಲ್ಲ ತಿರುಗಿ ನೋಡಿದರು. ಅವನು ಮೇಲಿನಿಂದಲೇ ಕೂಗಿದ:

"ಡಾಕ್ಟ್ರೇ, ಮ್ಯಾಲೆ ಕುಂತೋನಿಗೇ ಹೆದ್ರಿಕಿಲ್ಲ. ಮಂಡಿ ಕಟ್ಟಿದ ಮೇಸ್ತ್ರಿ, ನೀವ್ಯಾಕ್ರೀ ನಡುಗ್ತೀರಿ?"