ವೀಳ್ಯ ಜಗಿದ ಮೇಲೂ ವರ್ಗಾವಣೆ ಶುಲ್ಕವೇ?

ವರ್ಗಾವಣೆ ವಿಭಾಗದ ಮುಖ್ಯಸ್ಥರಿಗೆ,
‘ನಗುವ ಕೆಟ್ಲಿ’ ಚಹಾ ಕಂಪೆನಿ, ಬೆಂಗಳೂರು

ಮಾನ್ಯರೇ,

ಗುತ್ತಿಗಾರು ಪೇಟೆಯ ತಮ್ಮ ಇನ್ನೂರ ಹದಿನೇಳನೆಯ ಶಾಖೆಯಲ್ಲಿ, ಹಲ್ಲು ಕಿರಿಯುವ ಕೆಟ್ಲಿಯ ಫಲಕದ ಕೆಳಗೆ ಕುಳಿತು, ಧರ್ಮಪಾಲನೆಂಬ ನಾನು ತಮಗೂ ತಮ್ಮ ಆಡಳಿತ ಮಂಡಳಿಗೂ ಸಲ್ಲಿಸುತ್ತಿರುವ ನಮಸ್ಕಾರಗಳು. ನಮಸ್ಕಾರಕ್ಕೂ ಶುಲ್ಕವಿದ್ದರೆ ಮುಂದಿನ ಬಿಲ್ಲಿನಲ್ಲಿ ಸೇರಿಸಿಕೊಳ್ಳಬೇಕಾಗಿ ವಿನಂತಿ.

ನನ್ನ ಮೊಣಕಾಲುಗಳು ಮುಷ್ಕರ ಹೂಡಿರುವುದರಿಂದ ಈ ಫ್ರಾಂಚೈಸಿಯನ್ನು ನಮ್ಮ ಅಂಗಡಿಯ ಕೆಲಸದ ನೀಲಾವತಿಯ ಹೆಸರಿಗೆ ಮಾಡಿಕೊಡಬೇಕೆಂದು ನನ್ನ ಆಸೆ. ಏಳು ವರ್ಷಗಳಿಂದ ಬೆಳಗ್ಗೆ ಶಟರ್ ಎತ್ತುವವಳು, ಚಹಾ ಕುದಿಸುವವಳು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದನ್ನು ಡಾಕ್ಟರಿಗಿಂತ ಮೊದಲೇ ತಿಳಿದವಳು ಅವಳೇ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಪೇಪರು ಓದಿದ್ದೇನೆ, ಅಷ್ಟೆ.

ಹೆಸರು ಬದಲಿಸಲು ವರ್ಗಾವಣೆ ಶುಲ್ಕ ಎರಡು ಲಕ್ಷ, ಅರ್ಜಿ ಓದುವುದಕ್ಕೊಂದು ಶುಲ್ಕ, ಸಂದರ್ಶನಕ್ಕೊಂದು ಶುಲ್ಕ, ಹೊಸ ಮಾಲಕಿಗೆ ಚಹಾ ಮಾಡಲು ಕಲಿಸುವುದಕ್ಕೆ ನಲವತ್ತು ಸಾವಿರ ಎಂದು ತಾವು ಬರೆದಿದ್ದೀರಿ. ಈ ತಿಂಗಳ ಮೂವತ್ತರೊಳಗೆ ಕಟ್ಟದಿದ್ದರೆ ಶಾಖೆಯೇ ರದ್ದಂತೆ. ನಮ್ಮ ಕಡೆ ಕಾಡಾನೆ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ವರ್ಗವಾಗುವಾಗ ಬಾಳೆ ಮುರಿಯುತ್ತದೆ ನಿಜ, ಆದರೆ ಅರ್ಜಿ ಶುಲ್ಕ ಕೇಳಿದ್ದಿಲ್ಲ.

ತರಬೇತಿಯ ಬಗ್ಗೆ ಒಂದು ಸಣ್ಣ ನೆನಪು. ಅಂಗಡಿ ತೆರೆದ ದಿನ ತಾವು ಕಳಿಸಿದ್ದ ತರಬೇತುದಾರರು ಕುದಿ ಬರುವ ಮೊದಲೇ ಹಾಲಿಗೆ ಶುಂಠಿ ಜಜ್ಜಿ ಹಾಕಿ ಮೂರು ಲೀಟರು ಒಡೆಸಿದ್ದರು. ಕುದಿದ ಮೇಲೆ ಹಾಕಬೇಕೆಂದು ತೋರಿಸಿಕೊಟ್ಟವಳು ನೀಲಾವತಿ. ಆ ಮಾತು ಈಗ ತಮ್ಮ ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ವಿರಾಜಮಾನವಾಗಿದೆ. ತಮ್ಮ ಪತ್ರ ಓದಿ ಅವಳು ಕೇಳಿದ್ದು ಒಂದೇ: “ನಾನು ಕಲಿಸಿದ್ದನ್ನು ನಾನೇ ದುಡ್ಡು ಕೊಟ್ಟು ಕಲಿಯುದಾ ಧರ್ಮಣ್ಣ?” ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ತಪ್ಪು ನನ್ನದೂ ಇದೆ. ಫ್ರಾಂಚೈಸಿಯೂ ನಮ್ಮೂರಿನ ಇತರ ವ್ಯವಹಾರಗಳಂತೆಯೇ ಎಂದು ನಂಬಿ, ಕಳೆದ ತಿಂಗಳ ಒಂದು ಶುಕ್ರವಾರ ಹರಿವಾಣದಲ್ಲಿ ಐದು ವೀಳ್ಯದೆಲೆ, ಒಂದು ಅಡಿಕೆ, ಅದರ ಮೇಲೆ ಅಂಗಡಿಯ ಕೀಲಿಕೈ ಇಟ್ಟು, ಹತ್ತು ಜನರ ಎದುರು ನೀಲಾವತಿಯ ಕೈಗೆ ಕೊಟ್ಟುಬಿಟ್ಟೆ. ಇಲ್ಲಿ ವೀಳ್ಯ ಹಿಡಿದ ಮೇಲೆ ಮಾತು ಮುಗಿಯಿತು. ಈಗ ಅಂಗಡಿ ಊರಿನ ಲೆಕ್ಕದಲ್ಲಿ ಅವಳದು, ತಮ್ಮ ಕಾಗದದಲ್ಲಿ ನನ್ನದು. ಕೊಟ್ಟ ವೀಳ್ಯ ಹಿಂದಕ್ಕೆ ಕೇಳಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ನಾನೇ ಮೊದಲಿಗನಾಗಬೇಕೇ ಎಂದು ನಿಜವಾಗಿಯೂ ಸಂಕಟವಾಗುತ್ತಿದೆ.

ಆದರೆ ದೇವರು ದೊಡ್ಡವನು. ಆ ಶುಕ್ರವಾರ ಅದೇ ಹೊತ್ತಿಗೆ ತಪಾಸಣೆಗೆಂದು ಬಂದಿದ್ದ ತಮ್ಮ ಏರಿಯಾ ಮ್ಯಾನೇಜರ್ ಕೀರ್ತನ್ ಅವರಿಗೆ, ಕಂಪೆನಿಯ ಒಪ್ಪಿಗೆಯೂ ಇರಲಿ ಎಂದು ಎಲ್ಲರೆದುರು ಹೇಳಿ ನಾನು ಅಷ್ಟೇ ಎಲೆ, ಅಡಿಕೆಯ ಇನ್ನೊಂದು ವೀಳ್ಯ ಕೊಟ್ಟೆ. ಹುಟ್ಟಿ ಬೆಳೆದದ್ದು ಪುತ್ತೂರಿನಲ್ಲಾದ್ದರಿಂದ ಅದರ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಎರಡೂ ಕೈಯಲ್ಲಿ ಹಿಡಿದರು, ಹಣೆಗೆ ಮುಟ್ಟಿಸಿದರು, ಸುಣ್ಣ ಕೇಳಿ ಪಡೆದು ಸ್ಥಳದಲ್ಲೇ ಜಗಿದರು. ಇಷ್ಟು ಸೊಗಸಾಗಿ ಒಪ್ಪಿಗೆ ಸೂಚಿಸುವ ಅಧಿಕಾರಿಯನ್ನು ಪಡೆದ ತಾವೇ ಧನ್ಯರು. ಆದ್ದರಿಂದ ಶುಲ್ಕಗಳನ್ನೆಲ್ಲ ಮನ್ನಾ ಮಾಡಿ, ನೀಲಾವತಿಯ ಹೆಸರಿನಲ್ಲಿ ಹೊಸ ಕರಾರುಪತ್ರ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಮೊಣಕಾಲು ಬಿಟ್ಟು ಉಳಿದೆಲ್ಲ ರೀತಿಯಲ್ಲೂ ತಮಗೆ ಬಾಗಿರುವ,
ತಮ್ಮ ವಿಶ್ವಾಸಿ,
ಧರ್ಮಪಾಲ

ಮರೆತ ಮಾತು: ಕೀರ್ತನ್ ಜಗಿದದ್ದು ಕಂಪೆನಿಯ ಒಪ್ಪಿಗೆಯಲ್ಲ ಎಂದು ತಮ್ಮ ವಕೀಲರು ವಾದಿಸಿದರೆ ನಮ್ಮದೇನೂ ತಕರಾರಿಲ್ಲ. ಆ ಐದು ಎಲೆ ಮತ್ತು ಒಂದು ಅಡಿಕೆಯನ್ನು, ಅವರು ಪಡೆದಾಗ ಇದ್ದ ಸ್ಥಿತಿಯಲ್ಲೇ, ಮೂವತ್ತನೇ ತಾರೀಕಿನೊಳಗೆ ಹಿಂದಿರುಗಿಸಿಬಿಡಿ. ಕೈಸೇರಿದ ಕೂಡಲೇ ಶುಲ್ಕ ಪೂರ್ತಿ ಕಟ್ಟುತ್ತೇವೆ. ಅಂಚೆ ವೆಚ್ಚ ನೀಲಾವತಿಯದು.