ಖಾಲಿ ಮೊಟ್ಟೆಗಳ ವಿಷಯವಾಗಿ ಹರಕೆಯ ಹುಂಜನಿಗೆ ಅಹವಾಲು

ಧಾರಾವಿ, ಮುಂಬಯಿ
೧೯೫೬, ಭಾನುವಾರ ಮಧ್ಯಾಹ್ನ

ಮಾನ್ಯ ಹುಂಜ ಮಹಾಶಯರೇ,

ತಮ್ಮ ಕೆಂಪು ಜುಟ್ಟಿಗೆ, ಬಗ್ಗದ ಕೊರಳಿಗೆ ಮತ್ತು ಬೆಳಕು ಹರಿಯುವ ಮೊದಲೇ ಇಡೀ ಗಲ್ಲಿಯನ್ನು ಎಬ್ಬಿಸಿ ಕೂರಿಸುವ ತಮ್ಮ ಶ್ರದ್ಧೆಗೆ ಅಡ್ಡಬಿದ್ದು ಬರೆದುಕೊಳ್ಳುವುದೇನೆಂದರೆ, ನಿನ್ನೆಯೂ ಅದೇ ಆಯಿತು. ಪರೇಲಿನ ಪ್ರಯೋಗಶಾಲೆಯ ಡಾಕ್ಟರ್ ಬಾಯಿ ನಮ್ಮ ಮನೆಯ ಮೊಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, "ಮೋನಪ್ಪಾ, ಅಂದರ್ ಕುಛ್ ಭೀ ನಹೀಂ" ಎಂದು ತಲೆಯಾಡಿಸಿದರು. ವಾರವಿಡೀ ಬಿಸಿ ಪೆಟ್ಟಿಗೆಯಲ್ಲಿಟ್ಟು ಕಾವು ಕೊಟ್ಟರೂ ಒಂದರಲ್ಲೂ ಮರಿ ಮೂಡಿಲ್ಲ, ಒಂದು ಕೆಂಪು ಎಳೆಯೂ ಇಲ್ಲ. ಅಷ್ಟು ಜನರ ಮುಂದೆ ನಾನು ತಲೆ ತಗ್ಗಿಸಿ ನಿಂತೆ. ನಿಜವಾಗಿ ತಗ್ಗಬೇಕಾದ ತಲೆ ಯಾರದೆಂದು ತಮಗೆ ತಿಳಿಯದ್ದೇನಲ್ಲ.

ತಮ್ಮ ಸಂತಾನ ಅಲ್ಲಿ ಮಾಡುವ ಕೆಲಸ ಸಣ್ಣದಲ್ಲ, ಮಹಾಶಯರೇ. ಮರಿ ಮೂಡಿದ ಮೊಟ್ಟೆಯ ಚಿಪ್ಪಿನಲ್ಲಿ ಉಗುರಿನಷ್ಟು ಕಿಟಕಿ ಕೊರೆಯುತ್ತಾರೆ. ಒಳಗಿನ ತೆಳು ಪೊರೆಯ ಮೇಲೆ ರಕ್ತನಾಳಗಳು ಲೋಕಲ್ ಗಾಡಿಯ ಹಳಿಗಳ ಹಾಗೆ ಹರಡಿಕೊಂಡಿರುತ್ತವೆ. ಎಲುಬಿನ ಕ್ಯಾನ್ಸರ್ ಆದವರ ಗಂಟಿನಿಂದ ಸಾಸಿವೆಯಷ್ಟು ತುಣುಕನ್ನು ಅಲ್ಲಿಟ್ಟು ಕಿಟಕಿ ಮುಚ್ಚಿದರೆ, ಅದು ಚಾಳಿನ ನಳಕ್ಕೆ ಕಳ್ಳ ಪೈಪು ಜೋಡಿಸುವವನ ಹಾಗೆ ಮರಿಯ ರಕ್ತವನ್ನು ತನ್ನ ಕಡೆಗೆ ಎಳೆದುಕೊಂಡು ಬೆಳೆಯುತ್ತದಂತೆ. ಹೇಗೆ ಬೆಳೆಯುತ್ತದೆ, ಯಾವ ಮದ್ದಿಗೆ ಹೆದರುತ್ತದೆ ಎಂದು ನೋಡುವುದೇ ಡಾಕ್ಟರ್ ಬಾಯಿಯ ಕೆಲಸ. ಬೆಳೆದವರ ಮೈ ಪರರ ತುಣುಕನ್ನು ಒದ್ದು ಓಡಿಸುತ್ತದೆ. ಮೊಟ್ಟೆಯೊಳಗಿನ ಮರಿಗೆ ತನ್ನವರು, ಪರರು ಎಂಬುದು ಇನ್ನೂ ತಿಳಿಯದು, ಗಾಡಿಯಲ್ಲಿ ಯಾರು ಬಂದರೂ ಸರಿದು ಜಾಗ ಕೊಡುವ ಮುದುಕಿಯಂತೆ. ಇಂಥ ಮಹಾಕಾರ್ಯಕ್ಕೆ ತಮ್ಮಿಂದ ಬೇಕಾದದ್ದು ರೆಕ್ಕೆ ಬಡಿಯುವಷ್ಟು ಹೊತ್ತಿನ ಸಹಕಾರ.

ಈ ಸಲ ತುಣುಕು ಬರಲಿರುವುದು ನನ್ನ ಹೆಂಡತಿ ಅಕ್ಕುವಿನ ತಮ್ಮ ಐತನ ಕಾಲಿನಿಂದ. ಹೋಟೆಲಿನ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವ ಹುಡುಗನಿಗೆ ಮೊಣಕಾಲಿನ ಕೆಳಗೆ ಎಲುಬಿನಲ್ಲೇ ಗಂಟು ಎದ್ದಿದೆ. ಬರುವ ತಿಂಗಳು ಕಾಲು ತೆಗೆಯುತ್ತಾರೆ. ಮೊಟ್ಟೆಯಿಂದ ಅವನ ಕಾಲು ಉಳಿಯುವುದಿಲ್ಲ, ಮುಂದೆ ಇನ್ನೊಬ್ಬರದು ಉಳಿದೀತು ಎಂದು ಡಾಕ್ಟರ್ ಬಾಯಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಐತ ಹೇಳಿದ್ದು ಇಷ್ಟೇ: "ಹೋಗುವ ಕಾಲು ಹೋಗ್ಲಿ ಭಾವ, ಸುಮ್ಮನೆ ಹೋಗ್ಬಾರ್ದು. ಮೊಟ್ಟೆ ನಮ್ಮ ಮನೆಯದ್ದೇ ಆಗ್ಲಿ." ಬಜಾರಿನಿಂದ ತರಬಹುದಿತ್ತು. ಆದರೆ ಬಜಾರಿನ ಮೊಟ್ಟೆಯ ತಂದೆ ಯಾರೆಂದು ಬಜಾರಿಗೂ ಗೊತ್ತಿಲ್ಲ, ತಂದೆ ಇದ್ದಾನೆಂಬುದಕ್ಕೂ ಖಾತ್ರಿಯಿಲ್ಲ.

ತಾವು ಕಾಲಿಗೆ ಕಟ್ಟಿದ ಹಗ್ಗವನ್ನು ತೋರಿಸುತ್ತೀರಿ, ಒಪ್ಪಿದೆ. ಐತ ಕೋಲೂರಿಯಾದರೂ ಎದ್ದು ನಡೆದರೆ ತಮ್ಮನ್ನು ಊರಿನ ದೈವಕ್ಕೆ ಒಪ್ಪಿಸುವೆನೆಂದು ಅಕ್ಕು ಹರಕೆ ಹೊತ್ತಿದ್ದಾಳೆ, ಮತ್ತು ಅವಳ ತವರಿನ ಕ್ರಮದಂತೆ ಹರಕೆಯ ಹುಂಜ ಹೇಂಟೆಗಳ ಹತ್ತಿರ ಸುಳಿಯಬಾರದು. ಹಾಗಾಗಿ ತಾವು ಈ ಕಡೆ, ಸಂಸಾರ ಆ ಕಡೆ. ಐತನಿಗಾಗಿ ಹೊತ್ತ ಹರಕೆಯೇ ಐತನ ಮೊಟ್ಟೆಗಳನ್ನು ಖಾಲಿ ಮಾಡಿದೆ. ನಿನ್ನೆ ಇದನ್ನು ತಿಳಿಸಿ ಹೇಳಲು ಹೋದರೆ, "ದೈವದ ಹುಂಜನಿಗೆ ಸಂಸಾರ ಎಂತದ್ದು ಮಾರಾಯ್ರೆ? ನಿಮಗೇ ಒಂದು ಸಂಸಾರ ಸರಿ ಮಾಡ್ಲಿಕ್ಕೆ ಆಗುದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಆದ್ದರಿಂದ ತಾವು ದಯಮಾಡಿ ಹಗ್ಗದಲ್ಲಿದ್ದುಕೊಂಡೇ, ಅಕ್ಕುವಿನ ಕಣ್ಣಿಗೆ ಬೀಳದಂತೆ, ಕೂಗಿನ ಮೂಲಕವೋ ನೋಟದ ಮೂಲಕವೋ ತಮ್ಮ ಕರ್ತವ್ಯವನ್ನು ಪೂರೈಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ದೈವದ ಬಳಿ ತಾವೇ ಮಾತಾಡಿ ಒಂದು ತಿಂಗಳ ರಜೆ ಪಡೆಯಬೇಕು. ಅದೂ ಆಗದಿದ್ದರೆ ಮೊಟ್ಟೆಯನ್ನು ತಾವೇ ಇಟ್ಟುಬಿಡಬೇಕು. ಇಷ್ಟು ಗಟ್ಟಿಯಾಗಿ ಕೂಗಬಲ್ಲವರಿಗೆ ಅದೇನು ದೊಡ್ಡದು?

ಇಲ್ಲಿಗೆ ಬರೆದಾಗ ಒಂದು ಅನಾಹುತವಾಯಿತು. ಅಕ್ಷರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳದೆ ಬರೆಯಲು ಬಾರದವನು ನಾನು. ಐತನ ಮಾತಿನಿಂದ ಹಿಡಿದು ಎಲ್ಲವೂ ಒಲೆಯ ಮುಂದಿದ್ದ ಅಕ್ಕುವಿಗೆ ಕೇಳಿಸಿದೆ. ಐತ ಅವಳಿಗೆ ಆ ಮಾತು ಹೇಳಿರಲಿಲ್ಲವಂತೆ. ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು, ತಮ್ಮೆದುರು ಸ್ವಲ್ಪ ಹೊತ್ತು ಕೂತಳು, ಮೂಗು ಒರೆಸಿಕೊಂಡಳು, ಹಗ್ಗ ಬಿಚ್ಚಿದಳು. "ದೈವಕ್ಕೆ ನಾನು ಹೇಳಿಕೊಳ್ತೇನೆ. ಇವನ ಬದಲು ಇವನ ಮಗನನ್ನು ಕೊಡುದು ಅಂತ. ದೈವಕ್ಕೂ ಅಕ್ಕ ತಮ್ಮ ಇರ್ಲಿಕ್ಕಿಲ್ವಾ?" ಎಂದಳು. ನನ್ನ ಕಡೆ ತಿರುಗಿ, "ಬರೆದದ್ದು ಸಾಕು, ಊಟಕ್ಕೆ ಬನ್ನಿ. ಬಂಗುಡೆ ತಣ್ಣಗಾಗ್ತದೆ" ಎಂದಳು. ಹಾಗಾಗಿ ಉಳಿದ ಹೊಗಳಿಕೆಯನ್ನು ತಾವೇ ಊಹಿಸಿಕೊಳ್ಳಬೇಕಾಗಿ ವಿನಂತಿ.

ಹಗ್ಗದ ಈಚೆ ತುದಿಯಲ್ಲೇ ಉಳಿದ
ತಮ್ಮ ವಿಶ್ವಾಸಿ,
ಮೋನಪ್ಪ

ತಾ.ಕ.: ಒಂದು ಮೊಟ್ಟೆಯನ್ನು ಪರೇಲಿಗೆ ಕಳಿಸದೆ ಕಾವಿಗೆ ಇಡುತ್ತಾಳಂತೆ. ಅದರಿಂದ ಮಗ ಬಾರದೆ ಮಗಳು ಬಂದರೆ ಹರಕೆ ಯಾರ ಕೊರಳಿಗೆ ಹಿಂತಿರುಗುತ್ತದೆ ಎಂದು ನಾನು ಕೇಳಿದೆ. ಅಕ್ಕು ತಮ್ಮ ಕೊರಳಿನ ಕಡೆ ನೋಡಿದಳು. ಆದಕಾರಣ ಮಹಾಶಯರು ಹಗ್ಗ ಬಿಚ್ಚಿದೊಡನೆ ಹಾರಿ ಹತ್ತಿದ ಆ ಗೋಡೆಯ ಮೇಲೆ ನಿಂತು ಕೂಗುವುದನ್ನು ಸದ್ಯಕ್ಕೆ ನಿಲ್ಲಿಸಿ, ಕೂಡಲೇ ಇಳಿದು ಕೆಲಸಕ್ಕೆ ಹಾಜರಾಗುವುದು ಒಳ್ಳೆಯದು.